ಕಾಸರಗೋಡಿಗೆ ರಾತ್ರಿ ರೈಲೇ ಯಾಕೆ

ಬೆಂಗಳೂರಿನಲ್ಲಿ ಆಫೀಸಿನ ಗೆಳೆಯನೊಬ್ಬ ಕೇಳಿದ: ‘ಮಂಗಳೂರಿಗೆ ಫ್ಲೈಟ್‌ನಲ್ಲಿ ಒಂದು ಗಂಟೆ. ನೀನು ಇನ್ನೂ ರಾತ್ರಿಯಿಡೀ ರೈಲಲ್ಲಿ ಯಾಕೆ ಹೋಗ್ತೀಯ? ಅಂದ ಹಾಗೆ, ಕೇರಳದವನಿಗೆ ಇಷ್ಟು ಚೆನ್ನಾಗಿ ಕನ್ನಡ ಹೇಗೆ ಬಂತು?’

ಕನ್ನಡದ ವಿಷಯ ಮೊದಲು ಮುಗಿಸುತ್ತೇನೆ. ನಮ್ಮ ಮನೆಯಲ್ಲಿ ಎಲ್ಲರೂ ಓದಿದ್ದು ಕನ್ನಡ ಶಾಲೆಯಲ್ಲೇ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಗಡಿ ವಿವಾದಕ್ಕೆಂದು ನೇಮಿಸಿದ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ. ಅಷ್ಟೇ ಮಾರಾಯ.

ಇನ್ನು ರೈಲು. ವಿಮಾನ ಹತ್ತಲು ಮೊದಲು ದೇವನಹಳ್ಳಿ ಮುಟ್ಟಬೇಕು. ಬನಶಂಕರಿ ಕಡೆ ಇರುವವರನ್ನು ಕೇಳಿ ನೋಡು. ಇಳಿಯುವುದು ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲಿ. ಅಲ್ಲಿಂದ ಮಂಗಳೂರು ದಾಟಿ, ತಲಪಾಡಿ ದಾಟಿ ಊರು. ಹಗಲು ಅಲ್ಲಿಗೇ ಮುಗಿಯಿತು. ಬಸ್ಸಿನಲ್ಲಿ ವಯಸ್ಸಾದ ಅಪ್ಪ ಅಮ್ಮನನ್ನು ಕರೆತರುವುದು ಕಷ್ಟ, ಬೇಕೆಂದಾಗ ಶೌಚಾಲಯವಿಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನು ನಂಬುವ ಹಾಗೂ ಇಲ್ಲ. ರಾತ್ರಿ ರೈಲಾದರೆ ಕೆಲಸ ಮುಗಿಸಿ, ಮನೆಯಲ್ಲೇ ಊಟ ಮಾಡಿ ಮೆಜೆಸ್ಟಿಕ್‌ಗೆ ಬಂದರೆ ಸಾಕು. ಒಂಬತ್ತೂವರೆ ಸುಮಾರಿಗೆ ಮಂಗಳೂರು, ಕಾಸರಗೋಡು ದಾಟಿ ಹೋಗುವ ಕಣ್ಣೂರು ಎಕ್ಸ್‌ಪ್ರೆಸ್ ಹೊರಡುತ್ತದೆ. ಕಾಲು ಚಾಚಿ ಮಲಗಿದರೆ ತಿಂಡಿ ಹೊತ್ತಿಗೆ ಊರು. ರಜೆಯೂ ಉಳಿಯಿತು, ನಿದ್ದೆಯೂ ಆಯಿತು. ಹಗಲು ಓಡುವ ರೈಲು ಎಷ್ಟೇ ವೇಗದ್ದಾಗಲಿ, ನಮ್ಮ ಒಂದು ದಿನವನ್ನು ನುಂಗುತ್ತದೆ.

ತೊಡಕು ಇರುವುದು ಬರ್ತ್ ಸಿಗುವುದರಲ್ಲಿ. ಬೆಂಗಳೂರಿನಿಂದ ನೇರ ಕಾಸರಗೋಡಿಗೆ ದಿನಾ ಬರುವುದು ಇದೊಂದೇ ರೈಲು. ಕಾರವಾರದ ಪಂಚಗಂಗಾ ಮಂಗಳೂರು ಸೆಂಟ್ರಲ್‌ಗೂ ಬರುವುದಿಲ್ಲ, ಊರ ಹೊರಗಿನ ಪಡೀಲಿನಿಂದಲೇ ಉತ್ತರಕ್ಕೆ ತಿರುಗುತ್ತದೆ. ಸೇಲಂ ಮೂಲಕ ದಿನಾ ಬರುವ ಯಶವಂತಪುರದ ರೈಲು ಕಣ್ಣೂರಿನಲ್ಲೇ ಕೊನೆಯಾಗುತ್ತದೆ, ಕಾಸರಗೋಡು ಮುಟ್ಟುವುದಿಲ್ಲ. ಹಾಗಾಗಿ ಚೌತಿಗೆ ಮಂಗಳೂರಿನವರು, ಓಣಂಗೆ ಕಣ್ಣೂರಿನವರು ಕಣ್ಣೂರು ಎಕ್ಸ್‌ಪ್ರೆಸ್ ತುಂಬಿಸುತ್ತಾರೆ. ನಮಗೆ ಎರಡು ಹಬ್ಬದಲ್ಲೂ ವೇಟಿಂಗ್ ಲಿಸ್ಟ್. ಅರವತ್ತು ದಿನ ಮೊದಲೇ ಬುಕಿಂಗ್ ತೆರೆಯುತ್ತದೆ ನಿಜ, ಆದರೆ ಅಜ್ಜಿಗೆ ಹುಷಾರು ತಪ್ಪುವುದು ಅರವತ್ತು ದಿನ ಮೊದಲು ಯಾರಿಗೆ ಗೊತ್ತಿರುತ್ತದೆ? ಹಿಂದಿನ ದಿನ ಹನ್ನೊಂದು ಗಂಟೆಗೆ ಸ್ಲೀಪರ್ ತತ್ಕಾಲ್ ತೆರೆದು, ಓಟಿಪಿ ಬರುವಷ್ಟರಲ್ಲಿ ಮುಗಿದಿರುತ್ತದೆ. ಆರ್‌ಎಸಿ, ಅಂದರೆ ಇಬ್ಬರಿಗೆ ಒಂದು ಬರ್ತ್, ಸಿಕ್ಕರೆ ಸೈಡ್ ಲೋವರ್‌ನಲ್ಲಿ ಅಪರಿಚಿತರೊಬ್ಬರ ಜೊತೆ ಕಾಲು ಮಡಚಿ ಕೂತು ಬೆಳಗು ಮಾಡಬೇಕು. ಆನ್‌ಲೈನ್‌ನಲ್ಲಿ ತೆಗೆದ ಟಿಕೆಟ್ ಚಾರ್ಟ್ ಆದ ಮೇಲೂ ವೇಟಿಂಗ್‌ನಲ್ಲೇ ಇದ್ದರೆ ತಾನೇ ರದ್ದಾಗುತ್ತದೆ. ಆಮೇಲೆ ಬ್ಯಾಗ್ ಹೊತ್ತು ಬಸ್ಸು ಹುಡುಕುವುದು.

2024ರ ಜನವರಿಯಲ್ಲಿ ಈ ರೈಲನ್ನು ಕೋಝಿಕ್ಕೋಡ್‌ವರೆಗೆ ವಿಸ್ತರಿಸಲು ರೈಲ್ವೆ ಮಂಡಳಿ ಒಪ್ಪಿತು. ನಮ್ಮ ಸೀಟು ಹೋಗುತ್ತದೆ ಎಂದು ಮಂಗಳೂರು ಕಡೆಯವರು ವಿರೋಧಿಸಿದರು. ಅತ್ತ ಉತ್ತರ ಕೇರಳದ ಮಲಬಾರಿನವರಿಗೆ ಬೇಕೇ ಬೇಕು. ಇಬ್ಬರ ಮಾತಲ್ಲೂ ನ್ಯಾಯ ಇದೆ. ಆದರೆ ಕಾಸರಗೋಡಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ ಅನ್ನಿಸಿ ನನಗೆ ನಿಜವಾಗಿ ನೋವಾಯಿತು. ಅಲ್ಲಿ ನಾವು ಕನ್ನಡದವರು, ಇಲ್ಲಿ ಕೇರಳದವರು. ಒಂದೇ ರೈಲು ಇಟ್ಟುಕೊಂಡು ಜಗಳ ಆಡಿದರೆ ಬರ್ತ್ ಜಾಸ್ತಿ ಆಗುತ್ತಾ?

ಇನ್ನೊಂದು ರೈಲು ಸುಲಭವಲ್ಲ, ಒಪ್ಪುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್ ಘಾಟಿ, 57 ಸುರಂಗ, ಒಂದೇ ಹಳಿ. ರೈಲು ಗಂಟೆಗೆ 30 ಕಿಲೋಮೀಟರ್ ಮೀರುವಂತಿಲ್ಲ. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದಾಗ ಹಲವು ದಿನ ರೈಲೇ ಇರಲಿಲ್ಲ. ಆದರೆ ಘಾಟಿ ನಿಧಾನ ಅನ್ನುವುದೇ ರಾತ್ರಿ ರೈಲಿನ ಪರವಾದ ಮಾತು. ಮಲಗಿದವರಿಗೆ ನಿಧಾನವಾದರೇನು? ಹಗಲು ಕೂತು ಬರುವವರಿಗೆ ಅದು ಕಷ್ಟ.

ಮಲಗುವ ವಂದೇ ಭಾರತ್ ತಯಾರಾಗಿದ್ದು ಇದೇ ಬೆಂಗಳೂರಿನ ಬಿಇಎಂಎಲ್ ಕಾರ್ಖಾನೆಯಲ್ಲಿ. ಅದು ಮೊದಲು ಓಡಿದ್ದು ಹೌರಾ–ಕಾಮಾಖ್ಯ ನಡುವೆ. ಅವರಿಗೂ ಬೇಕು, ಬೇಡ ಅನ್ನುವುದಿಲ್ಲ. ನಮಗೆ ಹೊಸ ಮಾದರಿಯೇ ಬೇಕೆಂದಿಲ್ಲ, ಸಾಮಾನ್ಯ ಸ್ಲೀಪರ್ ಬೋಗಿಗಳ ರೈಲಾದರೂ ಸಾಕು. ಶುಕ್ರವಾರ ರಾತ್ರಿ ಇಲ್ಲಿಂದ, ಭಾನುವಾರ ರಾತ್ರಿ ಅಲ್ಲಿಂದ. ಕೊನೆಯ ನಿಲ್ದಾಣ ಕಾಸರಗೋಡೇ ಆಗಿರಲಿ.