ಮಳೆ ಹಿಡಿದರೆ ಪ್ರಾರ್ಥನೆ ಬಾಯಿಗೆ ಬರುವುದಿಲ್ಲ, ಅಕ್ಕ

ಪ್ರಶ್ನೆ: ಅಕ್ಕ, ನಮ್ಮದು ಕೊಡಗಿನ ಮಾದಾಪುರ ಕಡೆ. 2018ರ ಆಗಸ್ಟ್‌ನಲ್ಲಿ ಬರೆ, ಅಂದರೆ ಗುಡ್ಡದ ಕಡಿದಾದ ಅಂಚು, ಕುಸಿದು ಮನೆ ಹೋಯಿತು. ಎರಡು ಎಕರೆ ಕಾಫಿ ತೋಟದಲ್ಲಿ ಅರ್ಧಕ್ಕಿಂತ ಜಾಸ್ತಿ ಮಣ್ಣಿನ ಜೊತೆ ಹೊಳೆ ಸೇರಿತು. ಜೀವ ಉಳಿಯಿತು, ಈಗ ಸರ್ಕಾರ ಕೊಟ್ಟ ಮನೆಯಲ್ಲಿದ್ದೇವೆ. ಆದರೆ ಪ್ರತಿ ವರ್ಷ ಜೂನ್ ಬಂದು ಮಳೆ ಹಿಡಿದರೆ ನನಗೆ ನಿದ್ದೆ ಇಲ್ಲ, ರಾತ್ರಿ ಎದ್ದೆದ್ದು ಟಾರ್ಚ್ ಹಿಡಿದು ಹಿಂದಿನ ಗೋಡೆ ನೋಡುತ್ತೇನೆ. ಜಪಸರ ಕೈಯಲ್ಲಿರುತ್ತದೆ, ಬಾಯಿಗೆ ಒಂದು ಮಾತೂ ಬರುವುದಿಲ್ಲ. ನಮ್ಮವರು ಕುಡಿಯಲು ಶುರು ಮಾಡಿದ್ದಾರೆ. ಒಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು "ನಿಮ್ಮ ಮನೆಯಲ್ಲಿ ಏನೋ ಪಾಪ ಇದೆ, ಅದಕ್ಕೇ ದೇವರು ಹೀಗೆ ಮಾಡಿದ್ದು" ಅಂದರು. ಅವತ್ತಿನಿಂದ ಚರ್ಚಿಗೂ ಹೋಗಿಲ್ಲ. ಮನೆ ಹಿಂದೆ ನಾಲ್ಕು ಕಾಫಿ ಸಸಿ ನೆಟ್ಟಿದ್ದೇನೆ, ಯಾಕೆ ಅಂತ ನನಗೇ ಗೊತ್ತಿಲ್ಲ. ನನ್ನ ನಂಬಿಕೆ ಸತ್ತುಹೋಗಿದೆಯಾ?
– ಹೆಸರು ಬೇಡ

ಉತ್ತರ: ಸತ್ತಿಲ್ಲ ತಂಗಿ. ಸತ್ತಿದ್ದರೆ ಜಪಸರ ಕೈಯಲ್ಲಿ ಯಾಕೆ ಇರುತ್ತಿತ್ತು? ಈ ಪತ್ರ ಯಾಕೆ ಬರುತ್ತಿತ್ತು?

ಮೊದಲು ಆ ಕೂಟದ ಮಾತಿಗೆ ಬರುತ್ತೇನೆ, ಅದನ್ನು ಓದಿ ನನಗೆ ತುಂಬಾ ನೋವಾಯಿತು. ಮನೆಯಲ್ಲಿ ಬೈಬಲ್ ಇದ್ದರೆ ಲೂಕನ 13ನೇ ಅಧ್ಯಾಯ ತೆಗೆಯಿರಿ. ಯೇಸುಸ್ವಾಮಿಯ ಕಾಲದಲ್ಲೂ ಇಂಥದ್ದೇ ಒಂದು ಅನಾಹುತ ಆಗಿತ್ತು. ಸಿಲೋವಾಮಿನಲ್ಲಿ ಒಂದು ಗೋಪುರ ಬಿದ್ದು 18 ಜನ ಸತ್ತಿದ್ದರು. ಆ 18 ಜನ ಜೆರುಸಲೇಮಿನ ಬೇರೆಲ್ಲರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಅಂತ ಯೇಸು ತಾವೇ ಕೇಳುತ್ತಾರೆ. ತಾವೇ "ಅಲ್ಲ" ಅನ್ನುತ್ತಾರೆ. ಮನಸ್ಸು ತಿರುಗಿಸಿಕೊಳ್ಳಿ ಅಂತ ಅಲ್ಲಿ ಹೇಳಿದ್ದೂ ಹೌದು, ಆದರೆ ಯಾರಿಗೆ ಹೇಳಿದ್ದು ನೋಡಿ. ಮಣ್ಣಿನಡಿ ಹೋದವರಿಗಲ್ಲ, ಸುತ್ತ ನಿಂತು ಕೇಳುತ್ತಿದ್ದವರಿಗೆ!

ಆ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ ಎಲ್ಲ ಕಡೆ ಗುಡ್ಡ ಬಂತು. ಯಾರ ಮನೆಯಲ್ಲಿ ಯಾವ ದೇವರ ಫೋಟೋ ಇದೆ ಅಂತ ನೋಡಿಕೊಂಡು ಬಂತಾ? ದಿನಗಟ್ಟಲೆ ಬಿಡದೆ ಸುರಿದ ಮಳೆ, ನೀರು ಕುಡಿದು ಭಾರವಾದ ಮಣ್ಣು, ರಸ್ತೆಗೆ ಅಂತ ಮನೆಗೆ ಅಂತ ನಾವು ಕಡಿದು ನಿಲ್ಲಿಸಿದ ಬರೆ. ಕಾರಣ ಇಲ್ಲಿದೆ. ನಿಮ್ಮ ಮನೆಯ ಪಾಪದ ಲೆಕ್ಕದಲ್ಲಿ ಅದನ್ನು ಹುಡುಕಬೇಡಿ. ಬೈಬಲ್‌ನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರೂ ಹೀಗೇ ಹುಡುಕಿದರು. ಮೊದಲು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು, ಅದೆಷ್ಟು ಒಳ್ಳೆಯದಿತ್ತು. ಬಾಯಿ ಬಿಟ್ಟು ಕಾರಣ ಹೇಳಲು ಹೊರಟಿದ್ದೇ ತಪ್ಪಾಯಿತು. ಕೊನೆಗೆ ದೇವರು ಸಿಟ್ಟಾಗಿದ್ದು ಅವರ ಮೇಲೆ. ಅಷ್ಟೊಂದು ಕೂಗಾಡಿದ ಯೋಬನೇ ನನ್ನ ಬಗ್ಗೆ ಸರಿಯಾಗಿ ಮಾತಾಡಿದ್ದು ಅಂದರು.

ಹಾಗಾಗಿ ನೀವೂ ಕೂಗಾಡಬಹುದು. ನಾನು ಇದನ್ನು ಪುಸ್ತಕದಿಂದ ಕಲಿತಿದ್ದಲ್ಲ. 2021ರ ಮೇ ತಿಂಗಳಲ್ಲಿ ನಮ್ಮವರು ಕೊರೊನಾದಲ್ಲಿ ಹೋದರು. ಮಣ್ಣು ಕೊಡುವಾಗ ನಾಲ್ಕೇ ಜನ, ನಾನು ದೂರ ನಿಂತು ನೋಡಿದ್ದು. ಆಮೇಲೆ ತಿಂಗಳುಗಟ್ಟಲೆ 'ನಮ್ಮ ತಂದೆಯೇ' ಪ್ರಾರ್ಥನೆ ಶುರು ಮಾಡಿದರೆ "ನಿಮ್ಮ ಚಿತ್ತ ನೆರವೇರಲಿ" ಅನ್ನುವಲ್ಲಿ ಗಂಟಲು ಕಟ್ಟುತ್ತಿತ್ತು, ಮುಂದೆ ಹೋಗಲು ಆಗುತ್ತಲೇ ಇರಲಿಲ್ಲ. ಪಕ್ಕದ ಮನೆಯ ಹೆಂಗಸು ಸಂಜೆ ಬಂದು, ಏನೂ ಉಪದೇಶ ಮಾಡದೆ, ಜಪಸರ ತಾವೊಬ್ಬರೇ ಜೋರಾಗಿ ಹೇಳಿ ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದರು. ನಾನು ಸುಮ್ನೆ ಕೂತಿರುತ್ತಿದ್ದೆ. ನನ್ನ ಪಾಲಿನ ಪ್ರಾರ್ಥನೆಯನ್ನು ಅಷ್ಟು ದಿನ ಅವರೇ ಹೊತ್ತರು ಅಂತ ಈಗ ಅನ್ನಿಸುತ್ತದೆ.

ನಿಮಗೆ ಮಾತು ಬರದಿದ್ದರೆ ಮಾತು ಸಾಲ ತೆಗೆದುಕೊಳ್ಳಿ. ಬೈಬಲ್‌ನ 13ನೇ ಕೀರ್ತನೆ ಆರೇ ವಚನ. ಮೊದಲ ಎರಡು ವಚನದಲ್ಲೇ ನಾಲ್ಕು ಸಲ "ಎಲ್ಲಿಯವರೆಗೆ" ಅಂತ ದೇವರನ್ನು ಕೇಳುತ್ತದೆ. ಟಾರ್ಚ್ ಹಿಡಿದು ಗೋಡೆ ನೋಡುವಾಗ ಅದನ್ನೇ ಹೇಳಿ. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸಮಾಧಾನದ ಒಂದು ಸಾಲೂ ಇಲ್ಲ, ಆದರೂ ಅದನ್ನು ಬೈಬಲ್‌ನಿಂದ ಯಾರೂ ತೆಗೆದು ಹಾಕಲಿಲ್ಲ. ಶಿಲುಬೆಯ ಮೇಲೆ ಯೇಸು "ನನ್ನನ್ನೇಕೆ ಕೈಬಿಟ್ಟಿರಿ" ಅಂತ ಕೂಗಿದ್ದು 22ನೇ ಕೀರ್ತನೆಯ ಮಾತು. ಅವರ ಬಾಯಿಗೆ ಬಂದ ಮಾತು ನಿಮ್ಮ ಬಾಯಿಗೆ ಬಂದರೆ ತಪ್ಪೇನು?

ನಿದ್ದೆಯ ವಿಷಯ ಬೇರೆ. ಅದನ್ನು ನಂಬಿಕೆಯ ಜೊತೆ ಸೇರಿಸಬೇಡಿ. ಅಂಥ ರಾತ್ರಿ ಕಂಡವರ ಮೈ ಮಳೆ ಸದ್ದಿಗೇ ಎಚ್ಚರವಾಗುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಪ್ರವಾದಿ ಎಲೀಯ ಸಾಕಪ್ಪ, ಸಾಯುತ್ತೇನೆ ಅಂತ ಗಿಡದ ಕೆಳಗೆ ಮಲಗಿದಾಗ ದೇವದೂತ ಬಂದು ಬೈಯಲಿಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ಊಟ ಕೊಟ್ಟ. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ನೋಡಿ. ಅಷ್ಟು ದೂರ ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮವರ ಕುಡಿತದ ಬಗ್ಗೆಯೂ ಅಲ್ಲೇ ಕೇಳಿ. ಅವರಿಗೂ ಅದೇ ಗುಡ್ಡ ಬಿದ್ದಿದೆ ಅಲ್ವಾ? ಆದರೆ ಅವರು ಕೈ ಎತ್ತಿದರೆ ಸಹಿಸಿಕೊಂಡು ಕೂರಬೇಡಿ, ಸಹನೆ ಅನ್ನುವ ಹೆಸರಿನಲ್ಲಿ ಅದನ್ನು ಯಾರೂ ನಿಮಗೆ ಕಲಿಸಬಾರದು.

ಚರ್ಚಿಗೆ ಯಾವಾಗ ಹೋಗಬೇಕು ಅಂತ ನಾನು ಹೇಳುವುದಿಲ್ಲ. ಒಂದು ವಿಷಯ ಮಾತ್ರ ನೆನಪಿಸುತ್ತೇನೆ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ ಶುರುವಾಗಿದ್ದು 1792ರಲ್ಲಿ. ಟಿಪ್ಪು ಕಾಲದಲ್ಲಿ ಕರಾವಳಿಯಿಂದ ಶ್ರೀರಂಗಪಟ್ಟಣಕ್ಕೆ ಸೆರೆಹೋಗಿ, ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟರು. ಮನೆ, ಜಮೀನು, ಬಂಧುಗಳು ಎಲ್ಲ ಕಳೆದುಕೊಂಡು ಬಂದವರು ಅವರು. ಕೊಡಗಿನಲ್ಲಿ ನಮ್ಮ ಪೂಜೆ ಬೇರು ಬಿಟ್ಟಿದ್ದು ಅಂಥವರಿಂದ, ಬೇರೆ ಧರ್ಮದ ಒಬ್ಬ ರಾಜ ಕೊಟ್ಟ ಮಣ್ಣಿನಲ್ಲಿ. ಹಿಂದಿನ ಬೆಂಚು ನಿಮ್ಮಂಥವರಿಗೆ ಅಂತಲೇ ಇದೆ. ಮಧ್ಯದಲ್ಲಿ ಎದ್ದು ಹೋದರೂ ಪರವಾಗಿಲ್ಲ.

ಇನ್ನು ಆ ನಾಲ್ಕು ಸಸಿ. ಯಾಕೆ ನೆಟ್ಟಿರಿ ಅಂತ ಗೊತ್ತಿಲ್ಲ ಅಂದಿರಿ. ಲೂಕನ ಪುಟ ಇನ್ನೂ ತೆರೆದಿದ್ದರೆ ಗೋಪುರದ ಮಾತಿನ ಕೆಳಗೇ ನೋಡಿ. ಮೂರು ವರ್ಷ ಹಣ್ಣು ಬಿಡದ ಅಂಜೂರದ ಮರ, ಕಡಿದು ಹಾಕು ಅನ್ನುವ ಯಜಮಾನ. ತೋಟದ ಆಳು ಹೇಳುತ್ತಾನೆ, ಈ ವರ್ಷ ಒಂದು ಬಿಡಿ ಸ್ವಾಮಿ, ಬುಡ ಅಗೆದು ಗೊಬ್ಬರ ಹಾಕುತ್ತೇನೆ. ಆ ಮರ ಹಣ್ಣು ಬಿಟ್ಟಿತಾ ಅಂತ ಯೇಸು ಹೇಳುವುದೇ ಇಲ್ಲ, ಕಥೆ ಅಲ್ಲಿಗೇ ನಿಲ್ಲುತ್ತದೆ. ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೊತ್ತಿದ್ದೇ ನೆಟ್ಟಿದ್ದೀರಿ. ಮಳೆ ಬಿಟ್ಟ ಮೇಲೆ ಬುಡ ಬಿಡಿಸಿ ಗೊಬ್ಬರ ಕೊಡಿ, ಮತ್ತೆ ಗಿಡ ಹೇಗಿದೆ ಅಂತ ನನಗೊಂದು ಪತ್ರ ಬರೆಯಿರಿ.