ಸುಶಿಗೆ ತಾಜಾ ಮೀನೇ ಬೇಕೆನ್ನುವವರಿಗೆ

ನಮ್ಮ ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ದುಡಿಯುವ ಓದುಗರು ಜಪಾನಿನ ಅತಿಥಿಗಳ ಜೊತೆ ಬೆಂಗಳೂರಿನ ದುಬಾರಿ ಸುಶಿ ಹೋಟೆಲುಗಳಿಗೆ ಊಟಕ್ಕೆ ಹೋಗಬೇಕಾಗಿ ಬಂದಾಗ ನನಗೆ ಬರೆಯುತ್ತಾರೆ. ಸುಶಿ ಎಂದರೆ ವಿನೆಗರ್ ಬೆರೆಸಿದ ಅನ್ನಕ್ಕೆ ಮೀನು, ಹಲವು ಸಲ ಹಸಿ ಮೀನು, ಜೋಡಿಸಿ ಕೊಡುವ ಜಪಾನಿ ತಿನಿಸು. ಮೀನು ಸಂಸ್ಕರಣೆ ನನ್ನ ವೃತ್ತಿ. ಬಹುಪಾಲು ಪತ್ರಗಳಲ್ಲಿ ಒಂದೇ ಪ್ರಶ್ನೆ ಇರುತ್ತದೆ. ಅದಕ್ಕೆ ಈ ಸಲ ಪೂರ್ತಿಯಾಗಿ ಉತ್ತರಿಸಿಬಿಡುತ್ತೇನೆ.

ಪ್ರಶ್ನೆ: ಸಮುದ್ರದಿಂದ ಮುನ್ನೂರು ಕಿಲೋಮೀಟರ್ ಆಚೆ ಇರುವ ಬೆಂಗಳೂರಿನಲ್ಲಿ ಹಸಿ ಮೀನು ಎಷ್ಟು ತಾಜಾ ಇದ್ದೀತು? ನಂಬಿ ತಿನ್ನಬಹುದೇ? (ಮಾಲೂರು, ಕೋಲಾರ, ಬಂಗಾರಪೇಟೆಯ ಓದುಗರು)

ಉತ್ತರ: ತಾಜಾ, ತಾಜಾ ಎಂದು ಜಪಿಸುವುದನ್ನು ಮೊದಲು ನಿಲ್ಲಿಸಿ. ಹಸಿಯಾಗಿ ತಿನ್ನುವ ಮೀನು ಇಂದು ಬೆಳಿಗ್ಗೆ ದಡ ಸೇರಿದ್ದು ಎಂದ ಮಾತ್ರಕ್ಕೆ ಸುರಕ್ಷಿತವಾಗುವುದಿಲ್ಲ. ಕಡಲ ಮೀನಿನೊಳಗೆ ಅನಿಸಾಕಿಸ್ ಎಂಬ ಹುಳುವಿನ ಮರಿ ಇರಬಹುದು. ಮೀನು ಆಗಷ್ಟೇ ಹಿಡಿದದ್ದಾದರೆ ಆ ಮರಿಯೂ ಜೀವಂತವಾಗಿಯೇ ಇರುತ್ತದೆ. ಅದು ಜಠರದ ಗೋಡೆಗೆ ಕಚ್ಚಿಕೊಂಡಿತೆಂದರೆ ತಡೆಯಲಾರದ ಹೊಟ್ಟೆನೋವು. ವೈದ್ಯರು ಎಂಡೋಸ್ಕೋಪಿನ ನಳಿಗೆ ಇಳಿಸಿ ಅದನ್ನು ಕಿತ್ತು ತೆಗೆಯಬೇಕಾಗುತ್ತದೆ. ಹಸಿ ಮೀನಿನಲ್ಲಿ ಅದನ್ನು ಕೊಲ್ಲಲು ನಂಬಬಹುದಾದ ದಾರಿ ಆಳವಾದ ಶೈತ್ಯವೇ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾರ್ಗಸೂಚಿ ಹೇಳುವುದು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ, ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ ಕಲ್ಲಿನಂತೆ ಗಟ್ಟಿಯಾದ ಮೇಲೆ ಅಷ್ಟೇ ಶೈತ್ಯದಲ್ಲಿ 15 ಗಂಟೆ. ದೊಡ್ಡ ಜಾತಿಯ ಟ್ಯೂನಾ ಮತ್ತು ಹುಳುವಿಲ್ಲದ ಸಿದ್ಧ ಆಹಾರ ಕೊಟ್ಟು ಸಾಕಿದ ಸಾಲ್ಮನ್‌ಗೆ ವಿನಾಯಿತಿ ಇದೆ, ಏಕೆಂದರೆ ಅವುಗಳಲ್ಲಿ ಈ ಅಪಾಯ ತೀರಾ ಕಡಿಮೆ. ಅಂದಹಾಗೆ, ಹುಳುವಿನ ಭಯದಿಂದ ಜಪಾನಿನವರೇ ಸಾಲ್ಮನ್ ಮೀನನ್ನು ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆಯವರು ಸಾಕಿದ ಸಾಲ್ಮನ್ ಹೊತ್ತು ಹೋಗಿ ಪ್ರಚಾರ ಮಾಡಿದ ಮೇಲೆಯೇ ಅದು ಅಲ್ಲಿನ ಸುಶಿಯ ಮೇಲೆ ಏರಿದ್ದು.

ರುಚಿಯ ಮಾತಿಗೆ ಬಂದರೂ ಇದೇ ಕತೆ. ಹತ್ತೊಂಬತ್ತನೆಯ ಶತಮಾನದ ಎದೊ ಪಟ್ಟಣದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಈಗ ನಾವು ಕಾಣುವ ನಿಗಿರಿ ಸುಶಿ (ಕೈಯಲ್ಲಿ ಒತ್ತಿದ ಅನ್ನದ ಮೇಲೆ ಮೀನಿನ ಹೋಳು ಇಟ್ಟದ್ದು) ರೂಪುಗೊಂಡಾಗ ಮೀನನ್ನು ಉಪ್ಪು ಹಚ್ಚಿ ವಿನೆಗರ್‌ನಲ್ಲಿ ಅದ್ದುತ್ತಿದ್ದರು, ಸೋಯಾ ಸಾಸ್‌ನಲ್ಲಿ ನೆನೆಸುತ್ತಿದ್ದರು, ಕೆಲವನ್ನು ಬೇಯಿಸಿಯೇ ಇಡುತ್ತಿದ್ದರು. ಈಗಲೂ ಒಳ್ಳೆಯ ಬಾಣಸಿಗರು ಹಲವು ಮೀನುಗಳನ್ನು ಕೆಲವು ದಿನ ತಣ್ಣಗೆ ಇಟ್ಟು ಹದಗೊಳಿಸುತ್ತಾರೆ. ಮೀನಿನ ಸ್ನಾಯುವಿನಲ್ಲಿ ಇನೊಸಿನಿಕ್ ಆಮ್ಲ ಕೂಡಿಕೊಳ್ಳಲು ಸಮಯ ಬೇಕು. ನಾಲಗೆಗೆ ಹತ್ತುವ ಸವಿ ಬರುವುದು ಅದರಿಂದ. ಟ್ಯೂನಾವನ್ನಂತೂ ಹಡಗಿನಲ್ಲೇ ಮೈನಸ್ 60 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟಿಸಿ ತರುತ್ತಾರೆ.

ಆದ್ದರಿಂದ ಮೇಜು ಕಾಯ್ದಿರಿಸಲು ಫೋನ್ ಮಾಡಿದಾಗ ಕೇಳಬೇಕಾದದ್ದು ಮೀನು ಎಲ್ಲಿಂದ ಬರುತ್ತದೆ, ಯಾವುದನ್ನು ಎಷ್ಟು ಶೈತ್ಯದಲ್ಲಿ ಇಟ್ಟಿರುತ್ತೀರಿ ಎಂಬುದನ್ನು. ಒಳ್ಳೆಯ ಹೋಟೆಲಿನವರು ಮುಖ ಗಂಟಿಕ್ಕದೆ ಉತ್ತರಿಸುತ್ತಾರೆ. ‘ಎಲ್ಲಾ ಇವತ್ತು ಬೆಳಿಗ್ಗೆ ಬಂದದ್ದು ಸರ್’ ಎಂದಷ್ಟೇ ಹೇಳಿದರೆ ನಾನಾದರೆ ಅಲ್ಲಿಗೆ ಹೋಗುವುದಿಲ್ಲ.

ಬಣ್ಣ ನೋಡಿಯೂ ಮೋಸಹೋಗಬೇಡಿ. ಎಪಿಎಂಸಿಯಲ್ಲಿ ಟೊಮೆಟೊ ಆರಿಸುವ ಕೋಲಾರದ ಕಣ್ಣು ಇಲ್ಲಿ ಕೈಕೊಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಾಯಿಸಿದ ಟ್ಯೂನಾ ಹಳಸಿದ ಮೇಲೂ ಕೆಂಪಗೆ ಹೊಳೆಯುತ್ತದೆ. ಜಪಾನ್ ಮತ್ತು ಯುರೋಪಿನ ಒಕ್ಕೂಟ ಆ ಪದ್ಧತಿಯನ್ನು ನಿಷೇಧಿಸಿರುವುದು ಇದೇ ಕಾರಣಕ್ಕೆ. ಇನ್ನು, ಶೈತ್ಯ ಹುಳುವನ್ನು ಕೊಲ್ಲುತ್ತದೆಯೇ ಹೊರತು ಎಲ್ಲ ಬ್ಯಾಕ್ಟೀರಿಯಾಗಳನ್ನಲ್ಲ. ಟ್ಯೂನಾ, ಬಂಗುಡೆಯಂಥ ಮೀನು ಸೆಕೆಯಲ್ಲಿ ಬಿದ್ದಿದ್ದರೆ ಅದರಲ್ಲಿ ಹುಟ್ಟುವ, ಅಲರ್ಜಿಯಂಥ ತೊಂದರೆ ತರುವ ಹಿಸ್ಟಮಿನ್ ಎಂಬ ವಸ್ತು ಹೆಪ್ಪುಗಟ್ಟಿಸಿದರೂ ಹೋಗದು, ಬೇಯಿಸಿದರೂ ಹೋಗದು. ತುತ್ತು ಬಾಯಿಗಿಟ್ಟೊಡನೆ ನಾಲಗೆ ಚುರುಗುಟ್ಟಿದರೆ ಅತಿಥಿಗಳ ಮುಖ ನೋಡದೆ ಕಾಗದದ ಕರವಸ್ತ್ರಕ್ಕೆ ಉಗುಳಿ.

ಮೀನಿಗಿಂತ ಮೊದಲು ಅನ್ನ ನೋಡಿ. ವಿನೆಗರ್ ಬೆರೆಸಿದ ಸುಶಿ ಅನ್ನ ಮೈ ಬಿಸಿಯಷ್ಟು ಬೆಚ್ಚಗಿರಬೇಕು, ಬಾಯಲ್ಲಿ ಅಗುಳು ಅಗುಳಾಗಿ ಬಿಡಿಸಿಕೊಳ್ಳಬೇಕು. ತಣ್ಣಗೆ, ಗಟ್ಟಿಯಾಗಿ, ಒತ್ತಿದರೆ ಮುರಿಯುವಂತಿದ್ದರೆ ಅದು ಮೊದಲೇ ಕಟ್ಟಿ ಫ್ರಿಜ್ಜಿನಲ್ಲಿಟ್ಟದ್ದು. ಅಷ್ಟು ದುಡ್ಡು ತೆತ್ತು ಅದನ್ನು ತಿನ್ನುವ ಅಗತ್ಯವಿಲ್ಲ. ಬಫೆಯಲ್ಲಿ ಜೋಡಿಸಿಟ್ಟ ಸುಶಿಯನ್ನು ನಾನು ಮುಟ್ಟುವುದೇ ಇಲ್ಲ, ಎಷ್ಟು ನಕ್ಷತ್ರದ ಹೋಟೆಲಾದರೂ ಸರಿ.

ಪ್ರಶ್ನೆ: ವಸಾಬಿ (ಸುಶಿಯ ಜೊತೆ ಕೊಡುವ ಹಸಿರು ಖಾರದ ಮುದ್ದೆ), ನಿಂಬೆರಸ, ಮದ್ಯ ಹುಳುವನ್ನು ಕೊಲ್ಲುತ್ತವಂತೆ. ಹಿಂದಿನ ರಾತ್ರಿ ಜಂತುಹುಳುವಿನ ಮಾತ್ರೆ ನುಂಗಿದರೆ ಸಾಕೆಂದು ಔಷಧದ ಅಂಗಡಿಯಲ್ಲೂ ಹೇಳಿದರು. (ಮುಳಬಾಗಿಲು)

ಉತ್ತರ: ನಾಲ್ಕೂ ಸುಳ್ಳು. ಆ ಅಂಗಡಿಯವರು ಮಾತ್ರೆ ಮಾರಲಿ, ಸಲಹೆ ಮಾರುವುದು ಬೇಡ.

ಪ್ರಶ್ನೆ: ಚಾಪ್‌ಸ್ಟಿಕ್ ಹಿಡಿಯಲು ಬಾರದು, ಮರ್ಯಾದೆ ಹೋಗುತ್ತದೆಯೇ? (ಕೋಲಾರ)

ಉತ್ತರ: ನಿಗಿರಿಯನ್ನು ಕೈಯಲ್ಲಿ ತಿನ್ನುವುದು ಜಪಾನಿನಲ್ಲೂ ಸರಿಯಾದ ಕ್ರಮವೇ. ಮೀನಿನ ಬದಿಯನ್ನಷ್ಟೇ ಸೋಯಾ ಸಾಸ್‌ಗೆ ಮುಟ್ಟಿಸಿ. ಫೋಟೊಗೆಂದು ಕಾಯಿಸಬೇಡಿ, ತಟ್ಟೆಗೆ ಬಂದೊಡನೆ ತಿನ್ನಿ.

ಪ್ರಶ್ನೆ: ಶುದ್ಧ ಸಸ್ಯಾಹಾರಿ ನಾನು. ಸೌತೆಕಾಯಿ ಸುಶಿ, ಮಿಸೊ ಎಂಬ ಹುದುಗಿಸಿದ ಸೋಯಾ ಮುದ್ದೆಯ ಸೂಪ್ ತಿನ್ನಬಹುದೇ? (ಶ್ರೀನಿವಾಸಪುರ)

ಉತ್ತರ: ಸೌತೆಕಾಯಿಯ ಕಪ್ಪಾ ಮಾಕಿ ತಿನ್ನಬಹುದು. ಸೂಪ್ ಬೇಡ. ಅದರ ಮೂಲವಾದ ದಾಶಿ ಎಂಬ ತಿಳಿಸಾರನ್ನು ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನ ಹೆರಕಲಿನಿಂದ ತೆಗೆಯುತ್ತಾರೆ. ಸೋರೆಯ ಪಟ್ಟಿ ಹಾಕಿದ ಸುಶಿಯಲ್ಲೂ, ಸಿಹಿ ತೋಫು ಚೀಲದ ಸುಶಿಯಲ್ಲೂ ಅದೇ ಸಾರು ಇರಬಹುದು. ಮೀನು ತಿನ್ನುವುದಿಲ್ಲ ಎಂದರೆ ಸಾಲದು. ಮೀನಿನ ಸಾರೂ ಬೇಡವೆಂದು ಮೇಜು ಕಾಯ್ದಿರಿಸುವಾಗಲೇ ಹೇಳಿ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಒಂದೇ ಒಂದು ತುಂಡು? (ಬಂಗಾರಪೇಟೆ)

ಉತ್ತರ: ಬೇಡಮ್ಮ. ಬೇಯಿಸಿದ ಸೀಗಡಿಯದ್ದನ್ನು ಕೇಳಿ ಪಡೆಯಿರಿ.

ಪ್ರಶ್ನೆ: ನಮ್ಮೂರ ಕೆರೆಯ ಕಾಟ್ಲಾದಿಂದ ಮನೆಯಲ್ಲೇ ಸುಶಿ ಮಾಡುವುದನ್ನು ವಿಡಿಯೊದಲ್ಲಿ ತೋರಿಸಿದ್ದಾರೆ. (ಕೋಲಾರ ತಾಲ್ಲೂಕು)

ಉತ್ತರ: ಅದನ್ನು ಮಾಡಿ ತೋರಿಸಿದವರು ಅಪರಾಧ ಮಾಡಿದ್ದಾರೆ. ಕಾಟ್ಲಾ, ರೋಹು ಗೆಂಡೆಯ ಕುಲದವು. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಇದೇ ಕುಲದ ಸಿಹಿನೀರಿನ ಮೀನನ್ನು ಹಸಿಯಾಗಿ ತಿನ್ನುವ ರೂಢಿಯಿಂದ ಯಕೃತ್ತಿನ ಹುಳು ಹೊಕ್ಕು, ಪಿತ್ತನಾಳದ ಕ್ಯಾನ್ಸರ್ ಆಗಿ ಜನ ಸಾಯುತ್ತಿದ್ದಾರೆ. ಜೊತೆಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಹಲವು ಕೆರೆಗಳಿಗೆ ತುಂಬುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಸಿಹಿನೀರಿನಲ್ಲಿ ಬೆಳೆಯುವ ಉನಗಿ ಹಾವುಮೀನನ್ನು ಸುಶಿಯಲ್ಲಿ ಬಳಸುವಾಗ ಜಪಾನಿನವರೂ ಸುಟ್ಟೇ ಬಡಿಸುತ್ತಾರೆ. ಕೆರೆಮೀನನ್ನು ಸಾರು ಮಾಡಿ, ಹುರಿಯಿರಿ, ಹಸಿಯಾಗಿ ಮಾತ್ರ ಬೇಡ. ಈಗಾಗಲೇ ತಿಂದಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ, ಮಲಪರೀಕ್ಷೆ ಮಾಡಿಸಿಕೊಳ್ಳಿ.