ತೂಕ ನಾರ್ಮಲ್ ಇದ್ದರೂ ಟೇಪು ಬೇಕೇ?

ಪ್ರಶ್ನೆ: ನನಗೆ 67 ವರ್ಷ. ಎತ್ತರ 154 ಸೆಂ.ಮೀ., ತೂಕ 54 ಕೆಜಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ನಾರ್ಮಲ್. ಆದರೂ ಸೊಂಟದ ಸುತ್ತಳತೆ 89 ಸೆಂ.ಮೀ. ಇದೆಯೆಂದು ಡಾಕ್ಟರು ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಬರೆದಿದ್ದಾರೆ. ಸುಮ್ಮನೆ ಖರ್ಚಲ್ಲವೇ?

ಉತ್ತರ: ಅಲ್ಲ. ಬಿಎಂಐ ಹಿಡಿದುಕೊಂಡು ನಿಶ್ಚಿಂತೆಯಾಗಿ ಕೂತವರ ಪತ್ರಗಳನ್ನು ಓದಿ ಓದಿ ಸಾಕಾಗಿದೆ. ನಿಮ್ಮದು 22.8, ಒಪ್ಪಿದೆ. ಆದರೆ ಆ ಲೆಕ್ಕ ಹಾಕಿಕೊಟ್ಟ ಕ್ವೆಟಲೆ 19ನೇ ಶತಮಾನದ ಸಂಖ್ಯಾಶಾಸ್ತ್ರಜ್ಞ, ವೈದ್ಯನಲ್ಲ. ತಕ್ಕಡಿಗೆ ಸ್ನಾಯು ಯಾವುದು, ಕೊಬ್ಬು ಯಾವುದು ಗೊತ್ತಾಗುವುದಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದು, ತೊಡೆಯಲ್ಲಿ ಕೂರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ ಸೇರತೊಡಗುತ್ತದೆ. ಅತ್ತ ಸ್ನಾಯು ಸವೆಯುತ್ತಿರುತ್ತದೆ. ಅದಿಳಿದು ಇದೇರಿದರೆ ಮುಳ್ಳು ಅಲ್ಲಾಡುವುದೇ ಇಲ್ಲ!

ದಕ್ಷಿಣ ಏಷ್ಯಾದ ಮಹಿಳೆಯರಿಗೆ ಸೊಂಟದ ಗಡಿ 80 ಸೆಂ.ಮೀ. ಇನ್ನೊಂದು ಸುಲಭ ಲೆಕ್ಕವೂ ಇದೆ: ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ನಿಮ್ಮ ಅರ್ಧ 77. ಎರಡನ್ನೂ ದಾಟಿದ್ದೀರಿ.

ಅಂದಹಾಗೆ, ಆ 154 ಯಾವ ಕಾಲದ್ದು? ಬೆನ್ನುಮೂಳೆ ಕುಸಿದು 150ಕ್ಕೆ ಬಂದಿದ್ದರೆ, ಒಂದು ಗ್ರಾಂ ಹೆಚ್ಚದೆಯೂ ಬಿಎಂಐ 24 ಆಗುತ್ತದೆ. ಇವತ್ತೇ ಗೋಡೆಗೆ ನಿಂತು ಅಳೆಸಿಕೊಳ್ಳಿ.

ಟೇಪು ಹಿಡಿಯುವುದರಲ್ಲೂ ಮೋಸ ಬೇಡ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಬರಿಮೈ ಮೇಲೆ, ಉಸಿರು ಸಹಜವಾಗಿ ಬಿಟ್ಟಾಗ ಅಳೆಯಬೇಕು. ಹೊಟ್ಟೆ ಒಳಗೆಳೆದುಕೊಂಡರೆ ನನಗೇನೂ ನಷ್ಟವಿಲ್ಲ.

ಟೇಪು ಅನುಮಾನವನ್ನಷ್ಟೇ ಹುಟ್ಟಿಸುತ್ತದೆ, ಕಾಯಿಲೆ ಇದೆಯೋ ಇಲ್ಲವೋ ಹೇಳುವುದಿಲ್ಲ. ಬಿಪಿ 130/85, ಖಾಲಿ ಹೊಟ್ಟೆಯ ಶುಗರ್ 100, ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 150 ಮುಟ್ಟಿದೆಯೇ, ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ 50ಕ್ಕಿಂತ ಕೆಳಗಿದೆಯೇ ನೋಡಬೇಕು. ಸೊಂಟವೂ ಸೇರಿ ಐದರಲ್ಲಿ ಮೂರು ಕೆಟ್ಟಿದ್ದರೆ ಅದನ್ನೇ ಮೆಟಬಾಲಿಕ್ ಸಿಂಡ್ರೋಮ್ ಅನ್ನುವುದು, ಮಧುಮೇಹಕ್ಕೂ ಹೃದ್ರೋಗಕ್ಕೂ ದಾರಿ ಮಾಡುವ ಸ್ಥಿತಿ. ನಿಮ್ಮದು ಒಂದು ಆಗಲೇ ಕೆಟ್ಟಿದೆ. ಪರೀಕ್ಷೆ ಮಾಡಿಸಿ.

ಪ್ರಶ್ನೆ: ಬೆವರಿಳಿಸುವ ಬೆಲ್ಟ್ ಕಟ್ಟಿದರೆ ಹೊಟ್ಟೆ ಕರಗುತ್ತದೆಯೇ?

ಉತ್ತರ: ಹೋಗುವುದು ನೀರು, ಕುಡಿದ ಕೂಡಲೇ ವಾಪಸ್. ಮಾರುವವರಿಗೆ ನಾಚಿಕೆಯಿಲ್ಲ, ನಿಮಗಾದರೂ ಇರಲಿ.

ಪ್ರಶ್ನೆ: ಹೊಟ್ಟೆ ಬಂದಿದ್ದರೂ ಕಾಲು ಮೊದಲಿಗಿಂತ ತೆಳ್ಳಗಾಗಿದೆ. ಒಳ್ಳೆಯದೇ ತಾನೆ?

ಉತ್ತರ: ಖಂಡಿತ ಅಲ್ಲ, ಎರಡೂ ಜೊತೆಯಾಗಿ ಬಂದರೆ ನನಗೆ ಹೆಚ್ಚು ಭಯ. ಮೀನಖಂಡದ ಸುತ್ತಳತೆ 33 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸ್ನಾಯು ಕರಗಿರಬಹುದು. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಆಗುತ್ತದೆಯೇ? ಆಗದಿದ್ದರೆ ವೈದ್ಯರಿಗೆ ಮೊದಲು ಅದನ್ನೇ ಹೇಳಿ, ಹೊಟ್ಟೆಯ ವಿಷಯ ಆಮೇಲೆ.